ನೀಲಮ್ಮನ ಫೈಲು ದಾವಣಗೆರೆಗೆ ಬಂದದ್ದು

ಕಳೆದ ಯುಗಾದಿಯ ಮರುದಿನ ದಾವಣಗೆರೆಯ ಎಸ್.ಎಸ್. ಬಡಾವಣೆಯ ನನ್ನ ಕಚೇರಿಯ ಬೋರ್ಡು ಇಳಿಸಿದೆ. ಮೂವತ್ತಾರು ವರ್ಷ ತೆರಿಗೆ ಸಲಹೆಗಾರಳಾಗಿದ್ದೆ. ಮೊದಲ ಹದಿನಾಲ್ಕು ವರ್ಷ ಹಿರಿಯ ಸಲಹೆಗಾರ ಮುರಿಗೆಪ್ಪನವರ ಕೈಕೆಳಗೆ, ಉಳಿದದ್ದು ಸ್ವಂತವಾಗಿ. ಈಗ ಈ ಕೆಲಸಕ್ಕೆ ಬರುತ್ತಿರುವವರು ಆಗಾಗ ಮನೆಗೆ ಬಂದು, "ಮೇಡಂ, ಒಂದೀಟು ಹೇಳ್ರಿ, ಹೆಂಗಿರ್ತದೆ ಈ ಕೆಲ್ಸ?" ಎಂದು ಕೇಳುತ್ತಾರೆ. ನಾನು ತೆರಿಗೆ ಸಲಹೆಗಾರರ ಸಂಘದ ಕಾರ್ಯದರ್ಶಿಯಾದದ್ದು, ಶಾಲು ಹೊದಿಸಿಕೊಂಡದ್ದು ಎರಡು ನಿಮಿಷದಲ್ಲಿ ಮುಗಿಯುವ ಮಾತು. ಹೇಳಬೇಕಾದದ್ದು ಬೇರೆ ಇದೆ. ಅದು ಒಂದು ಬಗೆಯ ಕಕ್ಷಿದಾರರ ಕಥೆ. ಬೇರೆ ರಾಜ್ಯದಿಂದ ಇಲ್ಲಿಗೆ ಬಂದು ನೆಲೆಸಿದವರು, ಇಲ್ಲವೆ ಇಲ್ಲಿಂದ ಹೋಗಿ ಅರ್ಧ ಆಯಸ್ಸು ಅಲ್ಲಿ ದುಡಿದು ಮರಳಿ ಬಂದವರು.

ಹರಿಹರದ ಕಾರ್ಖಾನೆಗಳಿಗೆ ವರ್ಗವಾಗಿ ಬಂದವರು, ಬ್ಯಾಂಕಿನವರು, ಕಾಲೇಜಿನ ಮೇಷ್ಟ್ರುಗಳು ಹೀಗೆ ಅಂಥವರು ನನ್ನಲ್ಲಿಗೆ ಬಹಳ ಮಂದಿ ಬಂದರು. ಅವರ ತಾಪತ್ರಯ ಕೇಳಲು ಸಣ್ಣದು. ಆದಾಯ ತೆರಿಗೆ ಕೇಂದ್ರ ಸರ್ಕಾರದ್ದು, ಕಾನೂನು ಇಡೀ ದೇಶಕ್ಕೆ ಒಂದೇ. ಆದರೆ ಪ್ರತಿಯೊಬ್ಬರ ಫೈಲಿಗೆ ಒಂದು ಊರು ಇರುತ್ತದೆ, ಆ ಊರಿಗೊಬ್ಬ ಅಧಿಕಾರಿ ಇರುತ್ತಾನೆ. ಮನುಷ್ಯ ಲಾರಿಗೆ ಸಾಮಾನು ಹೇರಿಕೊಂಡು ಬಂದುಬಿಡುತ್ತಾನೆ, ಫೈಲು ಅಲ್ಲೇ ಉಳಿಯುತ್ತದೆ. ಇನ್ನು ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುವ ವೃತ್ತಿ ತೆರಿಗೆ ಆಯಾ ರಾಜ್ಯದ್ದು. ಎರಡು ರಾಜ್ಯದ ನಡುವೆ ನಿಂತವನನ್ನು ಎರಡೂ ಕಡೆಯವರು ನಮ್ಮವನೆನ್ನುತ್ತಾರೆ, ಇಲ್ಲವೆ ಎರಡೂ ಕಡೆಯವರು ನಮ್ಮವನಲ್ಲ ಎನ್ನುತ್ತಾರೆ.

ನಾನು ಮೊದಲು ಕಲಿತದ್ದು ವೃತ್ತಿ ತೆರಿಗೆಯ ಒಂದು ಪ್ರಕರಣದಿಂದ. ಮಹಾರಾಷ್ಟ್ರದಿಂದ ಹರಿಹರದ ಕಾರ್ಖಾನೆಗೆ ವರ್ಗವಾಗಿ ಬಂದಿದ್ದ ಕದಂ ಎಂಬ, ಲೇತ್ ಯಂತ್ರದ ಟರ್ನರ್ ತನ್ನ ಸಂಬಳದ ಚೀಟಿಗಳನ್ನು ಹಿಡಿದು ಬಂದ. ಒಂದೇ ತಿಂಗಳಿಗೆ ಎರಡು ರಾಜ್ಯದ ವೃತ್ತಿ ತೆರಿಗೆ ಹಿಡಿದಿದ್ದರು, ಹೀಗೆ ಏಳು ತಿಂಗಳು. ನಾನಾಗ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಸಂವಿಧಾನದ ವಿಧಿ, ಎರಡು ರಾಜ್ಯದ ಕಾಯಿದೆ, ನ್ಯಾಯಾಲಯದ ತೀರ್ಪುಗಳನ್ನೆಲ್ಲ ತುಂಬಿ ಹನ್ನೆರಡು ಪುಟದ ಅರ್ಜಿ ಟೈಪು ಮಾಡಿ ಮುರಿಗೆಪ್ಪನವರ ಮುಂದಿಟ್ಟೆ. ಅವರು ಕನ್ನಡಕ ಹಣೆಗೇರಿಸಿ ಮೊದಲ ಪುಟ ಓದಿದರು, ಕೊನೆಯ ಪುಟ ಓದಿದರು.

"ಶೈಲಾ, ಇದು ಅರ್ಜಿ ಅಲ್ಲ, ಪುರಾಣ ಆತು. ಈ ಮನ್ಷ ಏಪ್ರಿಲ್‌ನಾಗೆ ಎಲ್ಲಿ ಕೆಲ್ಸ ಮಾಡ್ತಿದ್ದ?"

"ಹರಿಹರದಾಗೆ ಸರ್."

"ಅದನ್ನ ಎಲ್ಲಿ ಬರ್ದೀಯ?"

ಬರೆದಿರಲಿಲ್ಲ. ಹನ್ನೆರಡು ಪುಟದಲ್ಲಿ ಆ ಒಂದು ವಾಕ್ಯವಿರಲಿಲ್ಲ. ಮರುದಿನ ನನ್ನನ್ನೇ ಹರಿಹರಕ್ಕೆ ಅಟ್ಟಿದರು. ಕಾರ್ಖಾನೆಯ ಹಾಜರಿ ಪುಸ್ತಕದ ನಕಲು ತೆಗೆಸಿಕೊಂಡು ಬಂದೆ. ಅದಕ್ಕೆ ನಾಲ್ಕು ಸಾಲಿನ ಪತ್ರ ಲಗತ್ತಿಸಿ ಕಾರ್ಖಾನೆಯ ಮುಖ್ಯ ಕಚೇರಿಗೆ ಕಳಿಸಿದೆವು. ಎರಡು ತಿಂಗಳಲ್ಲಿ ಹಿಡಿದ ಹಣ ವಾಪಸು ಬಂತು. ಮೊತ್ತ ಸಣ್ಣದು. ಆದರೆ ಕದಂ ಊರಿಂದ ತರಿಸಿದ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ನನಗಾದ ಸಂತೋಷ ದೊಡ್ಡದು.

ಮುರಿಗೆಪ್ಪನವರಿಗೆ ಒಂದು ಪದ್ಧತಿಯಿತ್ತು. ಪ್ರತಿ ವರ್ಷ ರಿಟರ್ನ್ ತುಂಬಿಸಲು ಬಂದವರನ್ನು ಕೂಡಿಸಿ, ನೀರು ಕೊಟ್ಟು, ಮೊದಲ ಪ್ರಶ್ನೆ ಇದನ್ನೇ ಕೇಳುತ್ತಿದ್ದರು: "ಮನೆ ಎಲ್ಲೈತ್ರಿ ಈಗ?" ಹತ್ತು ವರ್ಷದಿಂದ ಪಕ್ಕದ ಬೀದಿಯಲ್ಲೇ ಇರುವವರನ್ನೂ ಕೇಳುತ್ತಿದ್ದರು. ನಾನು ಅದನ್ನು ಹಿರಿಯರ ಲೋಕಾಭಿರಾಮ ಎಂದುಕೊಂಡಿದ್ದೆ. ನಾನು ಸ್ವಂತ ಕಚೇರಿ ತೆರೆದ ಮೇಲೂ ಕೆಲವು ವರ್ಷ ಹಾಗೆ ಕೇಳುತ್ತಿದ್ದೆ. ಆಮೇಲೆ ಕಂಪ್ಯೂಟರು ಬಂತು, ಇಲಾಖೆಯ ಪೋರ್ಟಲು ಬಂತು. ವಿಳಾಸ, ಫೋನು, ಬ್ಯಾಂಕು ಎಲ್ಲ ಮೊದಲೇ ತುಂಬಿಕೊಂಡು ಪರದೆಯ ಮೇಲೆ ಬರತೊಡಗಿತು. ಕೇಳುವುದನ್ನು ಬಿಟ್ಟೆ. ಯಾವಾಗ ಬಿಟ್ಟೆನೆಂದು ನೆನಪೂ ಇಲ್ಲ. ಅದರ ಬೆಲೆ ತೆತ್ತವಳು ನೀಲಮ್ಮ.

ನೀಲಮ್ಮ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವಳು. ಒಕ್ಕಲುತನದ ಮನೆ. ನರ್ಸಿಂಗ್ ಓದಿ, ಮಹಾರಾಷ್ಟ್ರದ ಒಂದು ಊರಿನ ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು. ಆ ಊರಿನ ಹೆಸರು ಇಲ್ಲಿ ಬೇಡ. ಮದುವೆಯಾಗಿರಲಿಲ್ಲ. ಸ್ವಂತ ದುಡಿಮೆಯಲ್ಲಿ ಅಲ್ಲೊಂದು ಸಣ್ಣ ಫ್ಲಾಟು ಕೊಂಡಿದ್ದಳು. ಐವತ್ತು ದಾಟಿದ ಮೇಲೆ ಫ್ಲಾಟು ಮಾರಿ, ಅದೇ ಹಣದಲ್ಲಿ ವರ್ಷದೊಳಗೆ ಹರಿಹರದಲ್ಲಿ ಮನೆ ಕೊಂಡಳು. ಹಾಸಿಗೆ ಹಿಡಿದ ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ ಶುರುಮಾಡಿದಳು. ತನ್ನೂರಿನ ಮೂವರು ಹೆಂಗಸರಿಗೆ ತರಬೇತಿ ಕೊಟ್ಟು ಸಂಬಳಕ್ಕೆ ಇಟ್ಟುಕೊಂಡಳು.

ಮನೆ ಕೊಂಡ ವರ್ಷ ಅವಳು ನನ್ನ ಕಚೇರಿಗೆ ಬಂದು ಎರಡು ಪ್ರಶ್ನೆ ಕೇಳಿದ್ದಳು.

"ಅಕ್ಕಾರೆ, ಫ್ಲಾಟ್ ಮಾರೀನಲ್ರಿ, ಟ್ಯಾಕ್ಸ್ ಏನಾರ ಕಟ್ಟಬೇಕಾ?"

"ಮನೆ ಮಾರಿದ ದುಡ್ಡಾಗೆ ಮನೇನೇ ತಗಂಡೀರಿ. ಲಾಭಕ್ಕೆ ವಿನಾಯ್ತಿ ಐತೆ. ಏನೂ ಕಟ್ಟಂಗಿಲ್ಲ."

"ಮತ್ತೆ ರಿಟರ್ನ್ ಅಂತಾರಲ್ಲ, ಅದು?"

"ಈ ವರ್ಷ ನಿಮ್ಗೆ ಬೇರೆ ಆದಾಯ ಇಲ್ಲ. ಬ್ಯಾಡ ಬಿಡ್ರಿ."

ಮೊದಲ ಉತ್ತರ ಸರಿಯಾಗಿತ್ತು. ಎರಡನೆಯದು ತಪ್ಪು. ಒಂದು ಕಾಲದಲ್ಲಿ ಅದೂ ಸರಿಯಿತ್ತು. ಆದರೆ ಕಾನೂನು ಬದಲಾಗಿ, ಇಂಥ ವಿನಾಯಿತಿ ಪಡೆಯುವವರೂ ರಿಟರ್ನ್ ಹಾಕಲೇಬೇಕೆಂದು ಆಗಿತ್ತು. ಆ ತಿದ್ದುಪಡಿಯನ್ನು ನಾನು ಓದಿಯೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ ಮಾತನ್ನೇ ಹೇಳಿದ್ದೆ. "ಮನೆ ಎಲ್ಲೈತ್ರಿ ಈಗ?" ಎಂದಂತೂ ಕೇಳಲಿಲ್ಲ. ಇಲಾಖೆಯ ದಾಖಲೆಯಲ್ಲಿ ಅವಳಿನ್ನೂ ಆ ಮಾರಿದ ಫ್ಲಾಟಿನಲ್ಲೇ ವಾಸವಿದ್ದಳು.

ಸುಮಾರು ಮೂರು ವರ್ಷ ಕಳೆದು ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನೀಲಮ್ಮ ಬ್ಯಾಂಕಿನಿಂದ ಫೋನು ಮಾಡಿದಳು. ಹೆಂಗಸರ ಸಂಬಳಕ್ಕೆ ಹಣ ತೆಗೆಯಲು ಹೋದರೆ ಖಾತೆಗೆ ತಡೆ ಬಿದ್ದಿತ್ತು.

"ಇನ್‌ಕಮ್ ಟ್ಯಾಕ್ಸ್‌ನೋರು ಹಿಡ್ದಾರೆ ಅಂತಾರೆ ಅಕ್ಕಾರೆ. ಹನ್ನೊಂದು ಲಕ್ಷ ಕಟ್ಟಬೇಕಂತೆ. ನಾನೇನ್ ಮಾಡೀನ್ರಿ?"

ಅವಳು ಹರಿಹರದಿಂದ ಬಸ್ಸು ಹತ್ತಿ ಬಂದಳು. ಇಬ್ಬರೂ ಕೂತು ಅವಳ ಆಧಾರ್ ಮೂಲಕ ಪೋರ್ಟಲ್ ಖಾತೆ ತೆರೆದೆವು. ಅದರಲ್ಲಿದ್ದ ಇಮೇಲು ಅವಳದಲ್ಲ, ಆ ಆಸ್ಪತ್ರೆಯ ಲೆಕ್ಕಿಗನದು. ಅವನು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಒಳಗೆ ನೋಟಿಸುಗಳ ಸಾಲು. ಫ್ಲಾಟು ಮಾರಿದ್ದರ ಬಗ್ಗೆ ವಿವರಣೆ ಕೊಡಿ, ಕೊನೆಯ ಅವಕಾಶ, ಕಟ್ಟಕಡೆಯ ಅವಕಾಶ. ಯಾವುದಕ್ಕೂ ಉತ್ತರ ಹೋಗದ ಕಾರಣ, ಎಲ್ಲೋ ದೂರದ ಊರಿನ, ಇಲಾಖೆಯ ಮುಖ ಕಾಣದ ಘಟಕವೊಂದು ಕೊಂಡ ಬೆಲೆಯನ್ನು ಸೊನ್ನೆ ಎಂದು ಹಿಡಿದು, ಮಾರಿದ ಬೆಲೆಯನ್ನೆಲ್ಲ ಲಾಭವೆಂದು ಲೆಕ್ಕಹಾಕಿ ಏಕಪಕ್ಷೀಯ ಆದೇಶ ಮಾಡಿತ್ತು. ಆದೇಶವಾಗಿ ಎಂಟು ತಿಂಗಳಾಗಿತ್ತು. ಆದೇಶದ ಎರಡನೆಯ ಪ್ಯಾರಾದಲ್ಲಿ, ರಿಟರ್ನ್ ಸಲ್ಲಿಸಬೇಕಾಗಿದ್ದರೂ ಸಲ್ಲಿಸಿಲ್ಲ ಎಂದು ಬರೆದು ತಿದ್ದುಪಡಿಯ ಉಲ್ಲೇಖ ಕೊಟ್ಟಿದ್ದರು. ಆ ತಿದ್ದುಪಡಿಯನ್ನು ನಾನು ಓದಿದ್ದು ಅಂದೇ ಮೊದಲು.

ನೀಲಮ್ಮನಿಗೆ ಆಗ ಏನೂ ಹೇಳಲಿಲ್ಲ. "ನೋಡ್ತೀನಿ, ಗಾಬರಿ ಆಗಬ್ಯಾಡ್ರಿ" ಎಂದು ಕಳಿಸಿಕೊಟ್ಟೆ. ಸಂಜೆ ಆಟೋ ಹಿಡಿದು ಆನೆಕೊಂಡದಲ್ಲಿದ್ದ ಮುರಿಗೆಪ್ಪನವರ ಮನೆಗೆ ಹೋದೆ. ಅವರಿಗೆ ಆಗ ಎಂಬತ್ತಾರು. ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಲ್ಲ ಹೇಳಿದೆ. ಸಲಹೆ ಕೇಳಲು ಹೋದವಳು ನಾನು, ಆದರೆ ಮಾತಿನ ನಡುವೆ ಇಲಾಖೆಯನ್ನು ಬೈಯಲು ಶುರುಮಾಡಿದೆ. ಹಳೇ ಇಮೇಲಿಗೆ ಕಳಿಸಿದರು, ಒಂದು ಫೋನೂ ಮಾಡಲಿಲ್ಲ ಎಂದೆಲ್ಲ.

ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. "ಆಯಮ್ಮಗೆ ಹೇಳ್ದಾ?"

"ಏನು ಸರ್?"

"ರಿಟರ್ನ್ ಬ್ಯಾಡ ಅಂದಾಕಿ ನೀನು ಅಂತ."

ಇಲ್ಲವೆಂದು ತಲೆಯಾಡಿಸಿದೆ.

"ಮೊದ್ಲು ಅದನ್ನ ಹೇಳು. ಕಾನೂನು ಆಮ್ಯಾಲೆ ನೋಡಾಣ. ಬ್ಯಾರೇರ ಹತ್ರ ಹೋಗ್ತೀನಿ ಅಂದ್ರೆ ಫೈಲ್ ಕೊಟ್ಟು ಕೈಮುಗಿ. ನೀನೇ ಮಾಡು ಅಂದ್ರೆ, ಗೆಲ್ಲಾಗಂಟ ಬಿಡಬ್ಯಾಡ."

ಮರುದಿನ ಹರಿಹರಕ್ಕೆ ಹೋಗಿ ನೀಲಮ್ಮನ ಅಡುಗೆಮನೆಯಲ್ಲಿ ಕೂತು ಹೇಳಿದೆ. ನನ್ನ ಮೂವತ್ತಾರು ವರ್ಷಗಳಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ. ಅವಳು ಒಲೆ ಆರಿಸಿ, ಚಹಾ ಸೋಸಿ, ಎರಡು ಲೋಟ ಮೇಜಿನ ಮೇಲಿಟ್ಟಳು.

"ಮನಿ ಹೋಗ್ತದೇನ್ರಿ ನಂದು?"

"ಹೋಗಕ್ಕೆ ಬಿಡಲ್ಲ. ಕಾನೂನು ನಿಮ್ ಕಡೆಗೇ ಐತೆ. ಅದನ್ನ ಕೇಳೋರ ಮುಂದೆ ನಾವು ಹೋಗಿಲ್ಲ, ಅಷ್ಟೆ. ನಿಮ್ಗೆ ನನ್ ಮ್ಯಾಲೆ ನಂಬ್ಕೆ ಇಲ್ಲ ಅಂದ್ರೆ ಬ್ಯಾರೆ ವಕೀಲ್ರನ್ನ ನಾನೇ ಗೊತ್ತು ಮಾಡ್ತೀನಿ. ಅವರ ಫೀಸು ನಂದು."

"ಅಕ್ಕಾರೆ, ನಾನೂ ಒಂದ್ಸಲ ಒಬ್ರ ಗುಳಿಗಿ ಇನ್ನೊಬ್ರಿಗೆ ಕೊಟ್ಟಿದ್ದೆ. ಆವಾಗ ನಾನು ಮಾಡಿದ್ದು ಏನು ಗೊತ್ತಾ? ಓಡಿ ಹೋಗಿ ಡಾಕ್ಟ್ರಿಗೆ ಹೇಳಿದ್ದು. ಆ ಮನ್ಷ ಉಳಕಂಡ." ಲೋಟ ನನ್ನ ಕಡೆ ಸರಿಸಿದಳು. "ಚಾ ಕುಡೀರಿ. ಏನೇನ್ ಕಾಗ್ದ ಬೇಕು ಹೇಳ್ರಿ."

ಈಗ ಕೆಲಸ ಶುರುವಾಯಿತು. ಮೊದಲು ದಾವಣಗೆರೆಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಪರದೆ ನೋಡಿ, "ಫೈಲು ನಮ್ಮಲ್ಲಿ ಇಲ್ಲ ಮೇಡಂ, ನಾನು ಮುಟ್ಟೋ ಹಾಗಿಲ್ಲ" ಎಂದರು. ಅವರು ಹೇಳಿದ್ದು ಸರಿಯೇ. ನಾನು ಮಾಡಿದ್ದು ಒಂದೇ, ಆ ಪರದೆಯ ಮೇಲಿದ್ದ ಪುಟವನ್ನು ಅವರ ಮುಂದೆಯೇ ಮುದ್ರಿಸಿಕೊಂಡದ್ದು. ನೀಲಮ್ಮನ ಹೆಸರು, ಎದುರಿಗೆ ಮಹಾರಾಷ್ಟ್ರದ ಆ ಊರು. ಹೊಸಬರಿಗೆ ಹೇಳುತ್ತೇನೆ, ಇನ್ನೊಂದು ರಾಜ್ಯದ ಕಚೇರಿಗೆ ಹೋಗುವ ಮುನ್ನ ಈ ಪುಟ ಕೈಯಲ್ಲಿರಲಿ.

ನಂತರ ಆ ರಾಜ್ಯದ ಪ್ರಧಾನ ಆಯುಕ್ತರಿಗೆ ಪುನರ್ಪರಿಶೀಲನೆಯ ಅರ್ಜಿ ಬರೆದೆ. ಅದಕ್ಕೆ ಆದೇಶದಿಂದ ಒಂದು ವರ್ಷದ ಗಡುವಿದೆ. ನಮಗೆ ನಾಲ್ಕು ತಿಂಗಳು ಉಳಿದಿತ್ತು. ಅರ್ಜಿಯಲ್ಲಿ ಉತ್ತರಿಸಬೇಕಾದ ಪ್ರಶ್ನೆ ಎರಡು. ರಿಟರ್ನ್ ಯಾಕೆ ಹಾಕಲಿಲ್ಲ? ನೋಟಿಸಿಗೆ ಯಾಕೆ ಉತ್ತರ ಕೊಡಲಿಲ್ಲ? ಮೊದಲನೆಯದಕ್ಕೆ ಉತ್ತರ ನಾನು. ಹಾಗಾಗಿ ಛಾಪಾ ಕಾಗದದ ಮೇಲೆ ನನ್ನ ಹೆಸರಿನಲ್ಲೇ ಪ್ರಮಾಣಪತ್ರ ಮಾಡಿಸಿದೆ: "ಕಾನೂನಿನ ತಿದ್ದುಪಡಿ ನನಗೆ ತಿಳಿದಿರಲಿಲ್ಲ. ರಿಟರ್ನ್ ಬೇಡವೆಂದು ನಾನೇ ಹೇಳಿದೆ. ಅರ್ಜಿದಾರರು ನನ್ನ ಮಾತು ನಂಬಿದರು."

ನೋಟರಿಯವರ ಹತ್ತಿರ ನಿಂತಿದ್ದಾಗ ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರು ಅದನ್ನು ಓದಿ ಪಕ್ಕಕ್ಕೆ ಕರೆದರು.

"ಶೈಲಮ್ಮ, ತಲೆ ಕೆಟ್ಟೈತಾ? ಯಾರಾರ ಹಿಂಗ್ ಬರ್ಕೊಡ್ತಾರಾ? ನಾಳೆ ಊರ್ ತುಂಬ ಆಗ್ತದೆ. ಆಯಮ್ಮಗೆ ಕಾನೂನು ಗೊತ್ತಿರ್ಲಿಲ್ಲ ಅಂತ ಬರೀರಿ, ಸಾಕು."

"ಆಯಮ್ಮ ಕಾನೂನು ಕೇಳಾಕೆ ನನ್ ಹತ್ರ ಬಂದಿದ್ರು ಸರ್. ಅದ್ನೇ ಬರೀತೀನಿ."

ಸಹಿ ಹಾಕಿದೆ.

ಎರಡನೆಯ ಪ್ರಶ್ನೆಗೆ ಸಾಕ್ಷಿ ಬೇಕಿತ್ತು. ನೋಟಿಸು ಸಿಕ್ಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸಿಕ್ಕಿಲ್ಲವೆಂಬುದನ್ನು ತೋರಿಸುವುದು ಹೇಗೆ? ನೀಲಮ್ಮನೇ ದಾರಿ ಹೇಳಿದಳು. "ಆ ಫ್ಲಾಟ್ ತಗಂಡೋರು ಒಳ್ಳೇರು ರಿ. ಹೋಗಿ ಕೇಳಾಣ. ಇಲ್ಲಿ ಕೂತು ಏನಾಗ್ತದೆ?"

ಇಬ್ಬರೂ ಹರಿಹರದಲ್ಲಿ ರೈಲು ಹತ್ತಿದೆವು. ಹುಬ್ಬಳ್ಳಿಯಲ್ಲಿ ಇಳಿದು ಬೇರೆ ರೈಲು ಹಿಡಿದೆವು. ಬುತ್ತಿಗೆ ರೊಟ್ಟಿ, ಎಣ್ಣೆಗಾಯಿ, ಮಂಡಕ್ಕಿ ಕಟ್ಟಿಕೊಂಡಿದ್ದಳು. ಆ ಊರು ತಲುಪಿ, ನೀಲಮ್ಮ ಇಪ್ಪತ್ತಾರು ವರ್ಷ ಓಡಾಡಿದ ಬೀದಿಯಲ್ಲಿ ನಡೆದೆವು. ಹಣ್ಣಿನವಳು, ಔಷಧಿ ಅಂಗಡಿಯವನು, ಎಲ್ಲ "ಸಿಸ್ಟರ್, ಸಿಸ್ಟರ್" ಎಂದು ಕರೆದರು. ದಾವಣಗೆರೆಯಲ್ಲಿ ಅರ್ಜಿದಾರಳಾಗಿ ಮುದುಡಿ ಕೂರುತ್ತಿದ್ದವಳು ಅಲ್ಲಿ ಗಟ್ಟಿ ದನಿಯಲ್ಲಿ ಮರಾಠಿ ಮಾತಾಡುತ್ತ ನಡೆಯುವುದನ್ನು ಕಂಡು ನನಗೇ ಧೈರ್ಯ ಬಂತು.

ಫ್ಲಾಟು ಕೊಂಡಿದ್ದವರು ಒಬ್ಬ ನಿವೃತ್ತ ಶಿಕ್ಷಕಿ. ನೀಲಮ್ಮನನ್ನು ಕಂಡದ್ದೇ ಕೈ ಹಿಡಿದು ಒಳಗೆ ಕರೆದು, ಬೈಯಲು ಶುರುಮಾಡಿದರು. ಫೋನು ನಂಬರು ಯಾಕೆ ಬದಲಿಸಿದೆ, ಎಷ್ಟು ಸಲ ಮಾಡಿದೆ ಎಂದು. ಆಮೇಲೆ ಚಪ್ಪಲಿ ಇಡುವ ಕಪಾಟಿನ ಮೇಲಿನ ಖಾನೆಯಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು.

"ನಿನ್ನ ಕಾಗದಗಳು. ಎಸೆಯಲು ಮನಸ್ಸಾಗಲಿಲ್ಲ, ತೆರೆಯಲು ಹಕ್ಕಿರಲಿಲ್ಲ" ಎಂದರಂತೆ. ನೀಲಮ್ಮ ನನಗೆ ಕನ್ನಡದಲ್ಲಿ ಹೇಳಿದಳು.

ಒಂಬತ್ತು ಲಕೋಟೆಗಳು. ಎಲ್ಲದರ ಮೇಲೂ ಇಲಾಖೆಯ ಮುದ್ರೆ, ನೀಲಮ್ಮನ ಹೆಸರು, ಅಂಚೆಯ ದಿನಾಂಕ. ಒಂದೂ ಒಡೆದಿರಲಿಲ್ಲ. ನೀಲಮ್ಮ ಮೇಲಿನದನ್ನು ತೆಗೆದುಕೊಂಡು ಅಂಚಿಗೆ ಬೆರಳು ಹಾಕಿದಳು.

"ಒಡೀಬ್ಯಾಡ್ರಿ!"

ನಾನು ಕೂಗಿದ ರಭಸಕ್ಕೆ ಆ ಶಿಕ್ಷಕಿ ಎದ್ದು ನಿಂತುಬಿಟ್ಟರು. ನೀಲಮ್ಮನ ಕೈಯಿಂದ ಲಕೋಟೆ ತೆಗೆದುಕೊಂಡೆ. "ಇವು ಹಿಂಗೇ ಇರ್ಬೇಕು. ಇದಕ್ಕಿಂತ ಸಾಕ್ಷಿ ಇಲ್ಲ ನೀಲಮ್ಮ." ಶಿಕ್ಷಕಿಯಿಂದ ಅರ್ಧ ಪುಟದ ಹೇಳಿಕೆ ಬರೆಸಿಕೊಂಡೆವು. ಅವರು ತಾವೂ ಜೊತೆಗೆ ಬರುತ್ತೇನೆಂದು ಸೀರೆ ಬದಲಿಸಿ ಹೊರಟೇಬಿಟ್ಟರು.

ಅಲ್ಲಿನ ಆದಾಯ ತೆರಿಗೆ ಕಚೇರಿಯಲ್ಲಿ ಅಧಿಕಾರಿ ಮೂವತ್ತರ ಆಸುಪಾಸಿನವರು, ಮೇಜಿನ ತುಂಬ ಫೈಲು. ನಮ್ಮ ಅರ್ಜಿಯ ಮೇಲಿನ ಹರಿಹರದ ವಿಳಾಸ ನೋಡಿ ಹಿಂದಿಯಲ್ಲಿ, "ನೀವು ಕರ್ನಾಟಕದವರು, ಅಲ್ಲಿಗೇ ಹೋಗಬೇಕು" ಎಂದರು. ದಾವಣಗೆರೆಯಲ್ಲಿ ಮುದ್ರಿಸಿಕೊಂಡ ಪುಟವನ್ನು ಮುಂದಿಟ್ಟೆ. ಓದಿದರು. ತಮ್ಮ ಪರದೆಯಲ್ಲೂ ನೋಡಿದರು.

"ಸರಿ, ಫೈಲು ನನ್ನದೇ. ಕೂತುಕೊಳ್ಳಿ. ಆದರೆ ಆದೇಶ ನಾನು ಬರೆದದ್ದಲ್ಲ, ವಸೂಲಿ ಮಾತ್ರ ನನ್ನದು. ನೋಟಿಸುಗಳಿಗೆ ಇವರು ಉತ್ತರವನ್ನೇ ಕೊಟ್ಟಿಲ್ಲವಲ್ಲ?"

ನಾನು ಬಾಯಿ ತೆರೆಯುವ ಮೊದಲೇ ನೀಲಮ್ಮ ಚೀಲದಿಂದ ಲಕೋಟೆಗಳನ್ನು ತೆಗೆದು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದಳು. ಶಸ್ತ್ರಚಿಕಿತ್ಸೆಗೆ ಉಪಕರಣ ಜೋಡಿಸಿದ ಹಾಗೆ, ಅಂಚಿಗೆ ಅಂಚು ಸರಿಯಾಗಿ. ಆಮೇಲೆ ಮರಾಠಿಯಲ್ಲಿ, "ಸಾಹೇಬರೇ, ಇವೇ ನೀವು ಕಳಿಸಿದ್ದು. ನಾನು ಇವತ್ತು ಬೆಳಿಗ್ಗೆ ಮೊದಲ ಸಲ ಕಂಡೆ. ನೀವೇ ಒಡೆದು ನೋಡಿ" ಎಂದಳು.

ಅಧಿಕಾರಿ ಒಂದು ಲಕೋಟೆ ಎತ್ತಿ ಹಿಂದೆ ಮುಂದೆ ತಿರುಗಿಸಿದರು. ಅಂಟು ಪರೀಕ್ಷಿಸಿದರು. ಪಕ್ಕದ ಕೋಣೆಯಿಂದ ಇನ್‌ಸ್ಪೆಕ್ಟರರನ್ನು ಕರೆಸಿ ನಮ್ಮೆಲ್ಲರ ಎದುರಿಗೆ ಒಂಬತ್ತನ್ನೂ ಒಡೆದರು. ಪ್ರತಿಯೊಂದರ ಮೇಲೆ ದಿನಾಂಕ ಬರೆದು ಸಹಿ ಹಾಕಿದರು. ಹರಿಹರದ ಮನೆಯ ಕ್ರಯಪತ್ರ, ಫ್ಲಾಟು ಕೊಂಡಾಗಿನ ಹಳೆಯ ಪತ್ರ, ಬ್ಯಾಂಕಿನ ಪುಸ್ತಕ ಎಲ್ಲ ನೋಡಿದರು. ನಡುವೆ ಊಟದ ಹೊತ್ತು ಮೀರಿತು. ಅವರು ಏಳಲಿಲ್ಲ, ನಾವೂ ಏಳಲಿಲ್ಲ.

ಸಾಮಾನ್ಯವಾಗಿ ಇಂಥ ಕಡೆ ತೆರಿಗೆಯ ಐದನೇ ಒಂದು ಪಾಲು ಕಟ್ಟಿ ಬನ್ನಿ ಎನ್ನುತ್ತಾರೆ. ನಾನು ಅದಕ್ಕೇ ಸಿದ್ಧಳಾಗಿ ನನ್ನ ಠೇವಣಿಯ ರಸೀದಿ ಚೀಲದಲ್ಲಿಟ್ಟುಕೊಂಡು ಬಂದಿದ್ದೆ. ನೀಲಮ್ಮನಿಗೆ ಹೇಳಿರಲಿಲ್ಲ. ಅದು ಬೇಕಾಗಲೇ ಇಲ್ಲ. ಅಧಿಕಾರಿ ತಮ್ಮ ಮೇಲಿನವರಿಗೆ ಫೋನು ಮಾಡಿ ಹತ್ತು ನಿಮಿಷ ಮಾತಾಡಿದರು. ಪುನರ್ಪರಿಶೀಲನೆ ತೀರ್ಮಾನವಾಗುವವರೆಗೆ ವಸೂಲಿ ನಿಲ್ಲಿಸಿದೆ, ಖಾತೆಯ ತಡೆ ತೆಗೆಯಿರಿ ಎಂದು ಬ್ಯಾಂಕಿಗೆ ಪತ್ರ ಸಿದ್ಧಪಡಿಸಿದರು. ಪತ್ರದ ಪ್ರತಿ ಕೈಗೆ ಬಂದಾಗ ಸಂಜೆ ಐದು. ಆ ಶಿಕ್ಷಕಿ ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದು ಪೂರಣಪೋಳಿ ಬಡಿಸಿದರು. ನಾನು ನಾಲ್ಕು ತಿಂದೆ.

ಮೂರು ದಿನಕ್ಕೆ ಖಾತೆ ತೆರೆಯಿತು. ಹೆಂಗಸರಿಗೆ ಸಂಬಳ ಹೋಯಿತು.

ಆದರೆ ಹನ್ನೊಂದು ಲಕ್ಷ ಇನ್ನೂ ತಲೆಯ ಮೇಲಿತ್ತು. ಪ್ರಧಾನ ಆಯುಕ್ತರ ಎದುರಿನ ವಿಚಾರಣೆ ಎರಡು ತಿಂಗಳ ನಂತರ ವಿಡಿಯೋದಲ್ಲಿ ನಡೆಯಿತು. ನನ್ನ ಕಾಲದ ಆರಂಭದಲ್ಲಿ ಇಂಥ ವಿಚಾರಣೆಗೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಕಾಗದದ ಕಟ್ಟು ಹೊತ್ತು, ದೊಡ್ಡ ಊರಿನ ಕಾರಿಡಾರಿನಲ್ಲಿ ದಿನವಿಡೀ ಕಾಯುತ್ತಿದ್ದೆವು. ಈಗ ನನ್ನ ಕಚೇರಿಯ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ. ಇಸ್ತ್ರಿ ಸೀರೆ ಮಾತ್ರ ಬಿಟ್ಟಿರಲಿಲ್ಲ. ಪರದೆಯಲ್ಲಿ ಆಯುಕ್ತರು ಕಂಡರು, ನನ್ನದೇ ವಯಸ್ಸಿನ ಹೆಂಗಸು. ಕೈಯಲ್ಲಿ ನನ್ನ ಪ್ರಮಾಣಪತ್ರ.

"ಇದನ್ನು ಕೊಟ್ಟವರು ನೀವೇ? ಈಗ ವಾದಿಸುತ್ತಿರುವವರೂ ನೀವೇ?"

"ಹೌದು ಮೇಡಂ."

"ನಿಮ್ಮ ತಪ್ಪನ್ನು ನೀವೇ ಬರೆದುಕೊಟ್ಟು ವಾದಿಸಲು ಬಂದವರನ್ನು ನಾನು ಹೆಚ್ಚು ನೋಡಿಲ್ಲ. ಕಕ್ಷಿದಾರರಿಗೆ ಇದು ಗೊತ್ತಿದೆಯೇ?"

ನೀಲಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡು ಹಿಂದಿಯಲ್ಲಿ ಹೇಳಿದಳು, "ನನಗೆ ಮೊದಲು ಹೇಳಿದರು ಮೇಡಂ. ಕಾಗದ ಆಮೇಲೆ ಬರೆದರು."

ಆಯುಕ್ತರು ನಕ್ಕರೋ ಇಲ್ಲವೋ ಪರದೆಯಲ್ಲಿ ಸರಿಯಾಗಿ ಕಾಣಲಿಲ್ಲ. ನಾನು ವಾದಿಸಿದ್ದು ಆರೇಳು ನಿಮಿಷ. ಎಲ್ಲಿ ಮಾರಿದರು, ಎಲ್ಲಿ ಕೊಂಡರು, ನೋಟಿಸು ಹೋದಾಗ ಈ ಹೆಂಗಸು ಎಲ್ಲಿದ್ದರು. ಮೂರೇ ಮಾತು, ಮೂರಕ್ಕೂ ಒಂದೊಂದು ಕಾಗದ. ಲಕೋಟೆಗಳ ಬಗ್ಗೆ ಅಲ್ಲಿನ ಅಧಿಕಾರಿಯ ವರದಿ ಅವರ ಕೈಯಲ್ಲಿತ್ತು. ತಿಂಗಳೊಳಗೆ ಆದೇಶ ಬಂತು. ಏಕಪಕ್ಷೀಯ ಆದೇಶ ರದ್ದು, ವಿನಾಯಿತಿ ಪರಿಗಣಿಸಿ ಹೊಸದಾಗಿ ನಿರ್ಧರಿಸಬೇಕು.

ನಾನು ಅಲ್ಲಿಗೆ ಬಿಡಲಿಲ್ಲ. ಫೈಲನ್ನು ಇಲ್ಲಿಗೆ ವರ್ಗಾಯಿಸಲು ಅದೇ ವಾರ ಅರ್ಜಿ ಹಾಕಿದೆ. ಪ್ಯಾನ್ ಕಾರ್ಡಿನ ವಿಳಾಸ ತಿದ್ದಿಸಿದರೆ ಫೈಲೂ ಬಂದುಬಿಡುತ್ತದೆ ಎಂದು ಈಗಲೂ ಬಹಳ ಜನ ತಿಳಿದಿದ್ದಾರೆ. ಬರುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು, ಎರಡೂ ಕಡೆಯ ಮೇಲಧಿಕಾರಿಗಳು ಒಪ್ಪಬೇಕು, ಒಪ್ಪುವವರೆಗೆ ಬೆನ್ನು ಹತ್ತಬೇಕು. ವಾರಕ್ಕೊಂದು ಪತ್ರ, ಹದಿನೈದು ದಿನಕ್ಕೊಂದು ಫೋನು. ಒಂದು ಬೆಳಿಗ್ಗೆ ಪೋರ್ಟಲು ತೆರೆದರೆ ನೀಲಮ್ಮನ ಹೆಸರಿನ ಎದುರು ದಾವಣಗೆರೆ ಎಂದಿತ್ತು. ಆ ಪುಟವನ್ನೂ ಮುದ್ರಿಸಿ ಆನೆಕೊಂಡಕ್ಕೆ ಒಯ್ದು ಮುರಿಗೆಪ್ಪನವರ ಕೈಗಿಟ್ಟೆ. ಅವರು ಕಣ್ಣಿಗೆ ಹತ್ತಿರ ಹಿಡಿದು ಓದಿ, "ಪುರಾಣ ಬರೀದೇ ಗೆದ್ದೆ ನೋಡು" ಎಂದರು. ನನಗೆ ಬಂದ ಪ್ರಶಸ್ತಿ ಅದೊಂದೇ, ಬೇರೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಮಾಣಪತ್ರದ ಸುದ್ದಿ ಊರ ತುಂಬ ಆದದ್ದು ನಿಜ. ಸಹೋದ್ಯೋಗಿ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಒಂದಿಬ್ಬರು ಹಳೆಯ ಕಕ್ಷಿದಾರರು ಫೈಲು ತೆಗೆದುಕೊಂಡು ಹೋದರು. ಆದರೆ ಆ ಮಾರ್ಚಿನ ಹೊತ್ತಿಗೆ ಚೆನ್ನೈಯಿಂದ, ನಾಗಪುರದಿಂದ, ಹೈದರಾಬಾದಿನಿಂದ ಬಂದು ನೆಲೆಸಿದವರು ಒಬ್ಬರಾದ ಮೇಲೊಬ್ಬರು ಮೆಟ್ಟಿಲು ಹತ್ತಿದರು. ಒಬ್ಬರಂತೂ ಬಾಗಿಲಲ್ಲೇ ನಿಂತು, "ತಪ್ಪು ಮಾಡೀನಿ ಅಂತ ಬರ್ಕೊಟ್ಟ ಮೇಡಂ ಇವ್ರೇನಾ?" ಎಂದು ಕೇಳಿದರು. "ಹೌದು, ಬರ್ರಿ, ಕೂಡ್ರಿ. ಮನೆ ಎಲ್ಲೈತ್ರಿ ಈಗ?" ಎಂದೆ. ಕೊನೆಯ ನಾಲ್ಕು ವರ್ಷ ನಾನು ಮಾಡಿದಷ್ಟು ಕೆಲಸ ಅದಕ್ಕೆ ಮೊದಲಿನ ಹತ್ತು ವರ್ಷದಲ್ಲಿ ಮಾಡಿರಲಿಲ್ಲ.

ನೀಲಮ್ಮನ ಹೊಸ ಆದೇಶ ದಾವಣಗೆರೆಯಿಂದಲೇ ಬಂದ ದಿನ ಅವಳು ಯಾವುದೋ ರೋಗಿಯ ಮನೆಯಿಂದ ನೇರ ನನ್ನ ಕಚೇರಿಗೆ ಬಂದಳು. ಬಿಳಿ ಸೀರೆ, ಕೈಯಲ್ಲಿ ಔಷಧಿಯ ಚೀಲ. ಪೂರ್ತಿ ಓದಿ ಹೇಳುತ್ತೇನೆಂದರೆ ಬೇಡವೆಂದಳು.

"ಕಡೀ ಸಾಲು ಒಂದೇ ತೋರ್ಸ್ರಿ."

ಬೆರಳಿಟ್ಟು ತೋರಿಸಿದೆ. ಕಟ್ಟಬೇಕಾದ ತೆರಿಗೆ: ಶೂನ್ಯ.

"ಶೂನ್ಯ ಅಂದ್ರೆ? ಒಂದ್ ರೂಪಾಯೀನೂ ಇಲ್ಲ?"

"ಒಂದ್ ರೂಪಾಯೀನೂ ಇಲ್ಲ. ಮನಿ ನಿಂದು ನೀಲಮ್ಮ."

ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದೆ. ಅವಳು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಹೇಳಲಿಲ್ಲ. ಎರಡೂ ಕೈಯಿಂದ ನನ್ನ ಹೆಗಲು ಹಿಡಿದು ಅಲುಗಾಡಿಸಿಬಿಟ್ಟಳು. ಆಮೇಲೆ ಫೋನು ತೆಗೆದು ತನ್ನ ಮೂವರು ಹೆಂಗಸರಿಗೂ ಒಂದೊಂದಾಗಿ ಕರೆ ಮಾಡಿ, ಬೀದಿಗೆ ಕೇಳುವ ಹಾಗೆ ಅದೇ ಮಾತು ಹೇಳಿದಳು: "ಶೂನ್ಯ ಕಣ್ರೇ, ಶೂನ್ಯ!" ಕೆಳಗಿನ ಅಂಗಡಿಯವನು ಏನಾಯಿತೆಂದು ಮೆಟ್ಟಿಲ ಹತ್ತಿರ ಬಂದು ಮೇಲೆ ನೋಡಿದ.

ಸಿಹಿ ತರಿಸುತ್ತೇನೆ, ಕೂತಿರು ಎಂದೆ.

"ಇವತ್ತು ಬ್ಯಾಡ ಅಕ್ಕಾರೆ. ನಾಕಕ್ಕೆ ಅಜ್ಜಾರ ಒಬ್ರಿಗೆ ಡ್ರೆಸ್ಸಿಂಗ್ ಐತೆ. ಕಾಯ್ತಿರ್ತಾರೆ."

ಆದೇಶವನ್ನು ಔಷಧಿಯ ಚೀಲದೊಳಗೆ, ಹತ್ತಿಯ ಸುರುಳಿಯ ಪಕ್ಕಕ್ಕೆ ಮಡಚಿಟ್ಟು ಅವಳು ಹರಿಹರದ ಬಸ್ಸು ಹಿಡಿಯಲು ಸರಸರನೆ ಇಳಿದು ಹೋದಳು.